ಎಣಿಸುವ ಮೊದಲು: ಅಡಿಕೆ ತೋಟದಿಂದ ಅಳಿವೆಯವರೆಗೆ ಒಂದು ಸಮೀಕ್ಷೆ ಮಾಡುವ ಕ್ರಮ

ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನ ಹತ್ತಿರ ಹೋದರೆ ಅವನು ಮಾಡಬಲ್ಲದ್ದು ಮರಣೋತ್ತರ ಪರೀಕ್ಷೆ ಮಾತ್ರ. ಪ್ರಯೋಗ ಯಾವ ಕಾಯಿಲೆಯಿಂದ ಸತ್ತಿತು ಎಂದಷ್ಟೇ ಅವನು ಹೇಳಿಯಾನು. ಈ ಅರ್ಥದ ಮಾತನ್ನು ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಹೇಳಿದ್ದು ನಮ್ಮ ದೇಶದಲ್ಲಿಯೇ, 1938ರಲ್ಲಿ ಕಲ್ಕತ್ತೆಯಲ್ಲಿ ನಡೆದ ಮೊದಲ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಅಧ್ಯಕ್ಷ ಭಾಷಣದಲ್ಲಿ. ಅಷ್ಟು ಕಾಲ ಕಳೆದರೂ ನಮ್ಮ ಪದವಿ ಕಾಲೇಜುಗಳ ಯೋಜನಾ ವರದಿಗಳು ಇದೇ ರೀತಿ ಸಾಯುತ್ತಿವೆ. ಇನ್ನೂರು ನಮೂನೆಗಳನ್ನು ಭರ್ತಿ ಮಾಡಿಸಿಕೊಂಡು ಬಂದು, "ಸರ್, ಇದಕ್ಕೆ ಯಾವ ಟೆಸ್ಟ್ ಹಾಕಬೇಕು?" ಎಂದು ಕೇಳುವ ಹೊತ್ತಿಗೆ ಮಾಡಬೇಕಾದ ತಪ್ಪೆಲ್ಲ ಆಗಿಹೋಗಿರುತ್ತದೆ.

ಆದ್ದರಿಂದ ಈ ಬರಹದಲ್ಲಿ ಸೂತ್ರಗಳು ಕಡಿಮೆ, ಸೂತ್ರಕ್ಕೆ ಮೊದಲಿನ ಕೆಲಸ ಹೆಚ್ಚು. ಉದಾಹರಣೆಗೆ ಒಂದೇ ಅಧ್ಯಯನವನ್ನು ಹಿಡಿದುಕೊಳ್ಳೋಣ: ಶಿರಸಿ, ಸಿದ್ದಾಪುರದ ಕಡೆಯ ಅಡಿಕೆ ತೋಟಗಳಲ್ಲಿ ಕೊಳೆರೋಗ. ಅದು ಸಾಲದ ಕಡೆ ಘಟ್ಟ ಇಳಿದು ಕರಾವಳಿಗೆ ಹೋಗೋಣ. ತೋಟ, ದೋಣಿಗಳ ಲೆಕ್ಕದಲ್ಲಿ ನಾನು ಕೊಡುವ ಅಂಕಿಗಳೆಲ್ಲ ಲೆಕ್ಕ ತೋರಿಸಲು ಕಲ್ಪಿಸಿಕೊಂಡವು. ಅವನ್ನು ಯಾರೂ ವರದಿಯಲ್ಲಿ ಬಳಸಬೇಡಿ.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಕಿರಿದಾಗಿಸಿ

"ಅಡಿಕೆ ಬೆಳೆಗಾರರ ಸಮಸ್ಯೆಗಳು: ಒಂದು ಅಧ್ಯಯನ" ಎಂಬ ಶೀರ್ಷಿಕೆಯನ್ನು ಕಂಡಾಗಲೆಲ್ಲ ನನಗೆ ಆ ವರದಿಯ ಕೊನೆಯ ಪುಟ ಓದದೆಯೇ ತಿಳಿದುಬಿಡುತ್ತದೆ. ಕೂಲಿಯಾಳು ಸಿಗುವುದಿಲ್ಲ, ಬೆಲೆ ಸ್ಥಿರವಿಲ್ಲ, ಸರ್ಕಾರ ಗಮನ ಹರಿಸಬೇಕು. ಇದನ್ನು ಹೇಳಲು ಸಮೀಕ್ಷೆ ಬೇಕಾಗಿರಲಿಲ್ಲ, ಸಂತೆಯ ದಿನ ಪೇಟೆಯಲ್ಲಿ ಅರ್ಧ ಗಂಟೆ ನಿಂತಿದ್ದರೆ ಸಾಕಿತ್ತು.

ಸಂಶೋಧನೆಯ ಪ್ರಶ್ನೆಯಲ್ಲಿ ಯಾರ ಬಗ್ಗೆ, ಯಾವ ಕಾಲದಲ್ಲಿ, ಏನನ್ನು ಅಳೆದು, ಯಾವುದರೊಂದಿಗೆ ಹೋಲಿಸಿ ಎಂಬುದು ಕಾಣಬೇಕು. "ಈ ಮಳೆಗಾಲದಲ್ಲಿ ಶಿರಸಿ ತಾಲ್ಲೂಕಿನ ತೋಟಗಳ ಪೈಕಿ ಬೋರ್ಡೋ ದ್ರಾವಣವನ್ನು (ಮೈಲುತುತ್ತ, ಸುಣ್ಣ ಬೆರೆಸಿದ ಮದ್ದು) ಮೂರು ಸಲ ಹೊಡೆದ ತೋಟಗಳಲ್ಲಿ ಎರಡೇ ಸಲ ಹೊಡೆದ ತೋಟಗಳಿಗಿಂತ ಕೊಳೆ ಕಡಿಮೆ ಇದೆಯೇ?" ಎಂದು ಕೇಳಿದರೆ ಉತ್ತರ ಹೌದು ಅಥವಾ ಅಲ್ಲ ಎಂದು ಬರಬಹುದು. ನೀವು ನಂಬಿದ್ದು ಸುಳ್ಳಾಗಲು ಅವಕಾಶವಿರುವ ಪ್ರಶ್ನೆಯೇ ಸಂಶೋಧನೆಗೆ ಯೋಗ್ಯವಾದದ್ದು. ಯಾವ ಉತ್ತರ ಬಂದರೂ ನಿಮ್ಮ ತೀರ್ಮಾನ ಬದಲಾಗದಿದ್ದರೆ ಊರೂರು ಅಲೆಯುವ ಶ್ರಮ ಏಕೆ?

ಎರಡನೆಯ ಹೆಜ್ಜೆ: ಅಳೆಯುವುದು ಏನನ್ನು?

"ನಿಮ್ಮ ತೋಟಕ್ಕೆ ಕೊಳೆ ಬಂದಿದೆಯೇ?" ಎಂದರೆ ಪ್ರತಿಯೊಬ್ಬರೂ ಬಂದಿದೆ ಎನ್ನುತ್ತಾರೆ. ಎರಡು ಕಾಯಿ ಬಿದ್ದವರೂ, ಅರ್ಧ ಫಸಲು ಕಳೆದುಕೊಂಡವರೂ ಒಂದೇ ಸಾಲಿಗೆ ಸೇರುತ್ತಾರೆ. ಹಾಗಾಗಿ ಅಳತೆಯ ವ್ಯಾಖ್ಯೆ ಮೊದಲು ಕಾಗದದ ಮೇಲೆ ಬರಬೇಕು. ಉದಾಹರಣೆಗೆ: "ಪರೀಕ್ಷಿಸಿದ ಕೊನೆಗಳಲ್ಲಿ (ಅಡಿಕೆ ಗೊನೆಗಳಲ್ಲಿ) ಶೇ 10ಕ್ಕಿಂತ ಹೆಚ್ಚು ಕೊನೆಗಳಿಗೆ ಕೊಳೆ ತಗುಲಿದ್ದರೆ ಅದು ಕೊಳೆಬಾಧಿತ ತೋಟ." ಕೊಳೆ ತಗುಲಿದ ಕೊನೆ ಎಂದರೆ ಯಾವುದು ಎಂಬುದನ್ನೂ ಬರೆಯಬೇಕು. ಎಳೆಗಾಯಿ ಬೇರೆ ಕಾರಣಗಳಿಗೂ ಉದುರುತ್ತದೆ. ಕೊಳೆರೋಗದ ಕಾಯಿಯ ಮೇಲೆ ನೀರು ಹೀರಿದಂತಹ ಕಲೆ ಮೂಡಿ, ಆಮೇಲೆ ಬಿಳಿಯ ಬೂಷ್ಟು ಕಾಣುತ್ತದೆ. ಇದಕ್ಕೆ ಕಾರಣ ಫೈಟಾಫ್ತೊರಾ ಎಂಬ ಶಿಲೀಂಧ್ರದಂತಹ ಜೀವಿ. ಬಿಡದೆ ಸುರಿಯುವ ಮಳೆ, ತಂಪು, ತೇವ ಅದಕ್ಕೆ ಹಬ್ಬ.

ಅಳತೆಗೆ ಎರಡು ಗುಣ ಬೇಕು. ಇಬ್ಬರು ಬೇರೆ ಬೇರೆಯಾಗಿ ಅದೇ ಇಪ್ಪತ್ತು ಮರಗಳನ್ನು ನೋಡಿ ಬಂದರೆ ಹೆಚ್ಚುಕಡಿಮೆ ಒಂದೇ ಎಣಿಕೆ ಬರಬೇಕು, ಇದು ವಿಶ್ವಸನೀಯತೆ. ಅಳೆದದ್ದು ನಿಜವಾಗಿ ಕೊಳೆಯನ್ನೇ ಆಗಿರಬೇಕು, ಇದು ಸಿಂಧುತ್ವ. ಇಬ್ಬರೂ ಒಟ್ಟಾಗಿ ತಪ್ಪನ್ನೇ ಎಣಿಸುತ್ತಿದ್ದರೆ ಮೊದಲನೆಯದು ಇದ್ದೂ ಎರಡನೆಯದು ಇರುವುದಿಲ್ಲ. ಮರ ಹತ್ತಿ ಅಭ್ಯಾಸವಿರುವ ಕೊನೆಗೌಡರೊಬ್ಬರನ್ನು ಒಂದು ದಿನ ಜೊತೆಗೆ ಕರೆದುಕೊಂಡು ಹೋಗಿ, ನಿಮ್ಮ ಎಣಿಕೆಯನ್ನು ಅವರ ಕಣ್ಣಿನಿಂದ ತಿದ್ದಿಸಿಕೊಳ್ಳಿ. ಕೆಳಗೆ ನಿಂತು ಕತ್ತು ನೋಯಿಸಿಕೊಳ್ಳುವವರಿಗೆ ಕಾಣದ್ದು ಅವರಿಗೆ ಕಾಣುತ್ತದೆ.

ಅಂಕಿಗಳಲ್ಲೂ ಜಾತಿಗಳಿವೆ. ಶಿರಸಿ ಮಾರುಕಟ್ಟೆಯ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ ಎಂಬ ಅಡಿಕೆಯ ಬಗೆಗಳು ಬರೀ ಹೆಸರುಗಳು. ಗಣಕಯಂತ್ರಕ್ಕೆಂದು ರಾಶಿಗೆ 1, ಚಾಲಿಗೆ 2 ಎಂದು ಸಂಕೇತ ಕೊಟ್ಟರೂ ಅವುಗಳ ಸರಾಸರಿ 1.5 ಎನ್ನುವುದಕ್ಕೆ ಅರ್ಥವಿಲ್ಲ. (ನಗಬೇಡಿ, ಇಂಥದ್ದು ವರದಿಗಳಲ್ಲಿ ಬರುತ್ತದೆ.) ರೋಗ "ಕಡಿಮೆ, ಮಧ್ಯಮ, ತೀವ್ರ" ಎಂದರೆ ಅಲ್ಲಿ ಒಂದು ಕ್ರಮವಿದೆ, ಆದರೆ ಮೆಟ್ಟಿಲುಗಳ ಎತ್ತರ ಸಮವಲ್ಲ. ಕ್ವಿಂಟಾಲು, ಎಕರೆ, ಕೊಳೆತ ಕೊನೆಗಳ ಸಂಖ್ಯೆ ಮಾತ್ರ ಕೂಡಿಸಿ ಭಾಗಿಸಬಹುದಾದ ಜಾತಿ. ಯಾವ ಲೆಕ್ಕ ಹೊಂದುತ್ತದೆ ಎಂಬುದು ಅರ್ಧಕ್ಕರ್ಧ ಇಲ್ಲೇ ನಿರ್ಧಾರವಾಗುತ್ತದೆ.

ಮೂರನೆಯ ಹೆಜ್ಜೆ: ಯಾರನ್ನು ಎಣಿಸಬೇಕು?

ಇಡೀ ಕೆಲಸದ ಜೀವಾಳ ಇದು. ಎಲ್ಲಿಯಾದರೂ ಅವಸರ ಮಾಡಲೇಬೇಕಿದ್ದರೆ ಬೇರೆಡೆ ಮಾಡಿ, ಇಲ್ಲಿ ಬೇಡ.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತಾರೆ. ನಿಜ, ಏಕೆಂದರೆ ಕುದಿಯುವ ನೀರು ಎಲ್ಲ ಅಗುಳನ್ನೂ ಸಮನಾಗಿ ಬೇಯಿಸಿರುತ್ತದೆ. ತೋಟಗಳನ್ನು ಯಾರೂ ಹಾಗೆ ಕುದಿಸಿಲ್ಲ. ಘಟ್ಟದಂಚಿನ ಕಣಿವೆಯ ತೋಟದ ಮಳೆಯೇ ಬೇರೆ, ಬನವಾಸಿ ಕಡೆಯ ಬಯಲಿನ ತೋಟದ ಮಳೆಯೇ ಬೇರೆ. ಬಸ್ ನಿಲ್ಲುವ ಕಡೆ ಇಳಿದು, ರಸ್ತೆಗೆ ಹತ್ತಿರವಿರುವ ತೋಟಗಳನ್ನು ನೋಡಿಕೊಂಡು ಸಂಜೆಯ ಬಸ್ಸಿಗೆ ವಾಪಸಾದರೆ ನೀವು ಅಧ್ಯಯನ ಮಾಡಿದ್ದು ಶಿರಸಿ ತಾಲ್ಲೂಕನ್ನಲ್ಲ, ಸಾರಿಗೆ ಮಾರ್ಗವನ್ನು.

ಸಂಖ್ಯೆ ದೊಡ್ಡದಿದ್ದರೆ ದೋಷ ತಾನಾಗಿ ಹೋಗುತ್ತದೆ ಎಂದು ನಂಬಿದವರಿಗೆ 1936ರ ಅಮೆರಿಕದ ಚುನಾವಣೆ ಉತ್ತರ ಕೊಟ್ಟಿದೆ. ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಮತಪತ್ರದಂತಹ ಕಾರ್ಡು ಕಳಿಸಿತು, 23 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಎಂದು ಅದು ಸಾರಿತು; ಗೆದ್ದದ್ದು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ನ್ನು ಬಾಚಿಕೊಂಡು. ವಿಳಾಸಗಳನ್ನು ಹೆಚ್ಚಾಗಿ ದೂರವಾಣಿ ಪುಸ್ತಕ, ಕಾರು ನೋಂದಣಿಯಂತಹ ಪಟ್ಟಿಗಳಿಂದ ತೆಗೆದಿದ್ದರು. ಆರ್ಥಿಕ ಕುಸಿತದ ಆ ದಿನಗಳಲ್ಲಿ ಫೋನು, ಕಾರು ಇದ್ದವರು ಯಾರೆಂದು ಹೇಳಬೇಕಾಗಿಲ್ಲ. ಅದರ ಮೇಲೆ, ಉತ್ತರ ಬರೆದು ಕಳಿಸುವ ಉತ್ಸಾಹವೂ ಎರಡು ಪಕ್ಷದವರಲ್ಲಿ ಒಂದೇ ಸಮ ಇರಲಿಲ್ಲ. ಇಂದು ವಾಟ್ಸಾಪ್ ಗುಂಪಿಗೆ ಗೂಗಲ್ ಫಾರ್ಮ್ ಹರಿಬಿಟ್ಟು "ಉತ್ತರ ಕನ್ನಡದ ಜನಾಭಿಪ್ರಾಯ" ಎಂದು ಬರೆಯುವುದು ಅದೇ ತಪ್ಪಿನ ಮರುಮುದ್ರಣ.

ಸರಿ, ಮಾಡುವುದು ಹೇಗೆ? ಮೊದಲು ಸಮಷ್ಟಿಯನ್ನು ಗೊತ್ತುಮಾಡಿಕೊಳ್ಳಿ: ಶಿರಸಿ ತಾಲ್ಲೂಕಿನ, ಫಸಲು ಕೊಡುತ್ತಿರುವ ಎಲ್ಲ ಅಡಿಕೆ ತೋಟಗಳು. ನಂತರ ಅದರ ಪಟ್ಟಿ. ಸಹಕಾರಿ ಸಂಘದ ಸದಸ್ಯರ ಪಟ್ಟಿ ಕೈಗೆ ಬೇಗ ಸಿಗುತ್ತದೆ, ಆದರೆ ಸದಸ್ಯರಲ್ಲದವರು, ಅಂಗಡಿಗೇ ಅಡಿಕೆ ಹಾಕುವ ಸಣ್ಣ ಹಿಡುವಳಿದಾರರು ಅದರಲ್ಲಿ ಇರುವುದಿಲ್ಲ. ಪಹಣಿಯಲ್ಲಿ ಜಮೀನು ತಪ್ಪಿಹೋಗುವುದಿಲ್ಲ, ಆದರೆ ತೀರಿಹೋದ ಅಜ್ಜನ ಹೆಸರೇ ಇನ್ನೂ ಇರುವುದುಂಟು, ನಾಲ್ವರು ಅಣ್ಣತಮ್ಮಂದಿರ ಜಂಟಿ ಖಾತೆಯೂ ಉಂಟು. ಹಾಗಾಗಿ ಎಣಿಕೆಯ ಘಟಕ ಮಾಲೀಕನೋ ತೋಟವೋ ಎಂಬುದನ್ನು ಈಗಲೇ ತೀರ್ಮಾನಿಸಿ. ನನ್ನ ಸಲಹೆ: ಪಹಣಿಯಿಂದ ಆರಂಭಿಸಿ, ಊರಿನ ಇಬ್ಬರು ಹಿರಿಯರ ಎದುರು ಪಟ್ಟಿಯನ್ನು ಓದಿ ತಿದ್ದಿಕೊಳ್ಳುವುದು. ಬೇಸರದ ಕೆಲಸ, ನಿಜ. ಆದರೆ ಇಲ್ಲಿ ಬಿಟ್ಟುಹೋದ ಮನೆಯನ್ನು ಮುಂದೆ ಯಾವ ಸೂತ್ರವೂ ಮರಳಿ ತರುವುದಿಲ್ಲ.

ಪಟ್ಟಿ ಸಿದ್ಧವಾದ ಮೇಲೆ ತಾಲ್ಲೂಕನ್ನು ಮಳೆಯ ಲೆಕ್ಕದಲ್ಲಿ ಎರಡು ಸ್ತರ ಮಾಡಿ: ಪಶ್ಚಿಮದ ಘಟ್ಟದಂಚು, ಪೂರ್ವದ ಬಯಲು. ಪ್ರತಿ ಸ್ತರದಿಂದ ಕೆಲವು ಊರುಗಳನ್ನು, ಪ್ರತಿ ಊರಿನಿಂದ ಕೆಲವು ತೋಟಗಳನ್ನು ಚೀಟಿ ಎತ್ತಿ ಆರಿಸಿ. ಎಕ್ಸೆಲ್‌ನಲ್ಲಿ ಪ್ರತಿ ಹೆಸರಿನ ಮುಂದೆ ಒಂದೊಂದು ಯಾದೃಚ್ಛಿಕ ಸಂಖ್ಯೆ ಹುಟ್ಟಿಸಿ, ಅದರ ಏರಿಕೆಯಂತೆ ಜೋಡಿಸಿ, ಮೇಲಿನಿಂದ ಬೇಕಾದಷ್ಟನ್ನು ತೆಗೆದುಕೊಂಡರೂ ಅದೇ ಆಯಿತು. ಯಾದೃಚ್ಛಿಕ ಎಂದರೆ ಮನಸ್ಸಿಗೆ ಬಂದಂತೆ ಎಂದಲ್ಲ. ನಿಮ್ಮ ಮನಸ್ಸಿಗೆ ಇಲ್ಲಿ ಕೆಲಸವೇ ಇರಬಾರದು. ಚೀಟಿಯಲ್ಲಿ ಬಂದ ತೋಟ ಎರಡು ಹಳ್ಳ ದಾಟಿ ಹೋಗಬೇಕಾದ ಕಡೆ ಇದ್ದರೆ ಹೋಗಲೇಬೇಕು. ಪಕ್ಕದ ಮನೆಯ ತೋಟ ನೋಡಿ ಬರುವ ಆಸೆ ಯಾರಿಗೂ ತಪ್ಪಿದ್ದಲ್ಲ, ಆದರೆ ದಾರಿಯಿಲ್ಲದ ತೋಟಕ್ಕೆ ಮದ್ದು ಹೊಡೆಯುವವರೂ ತಡವಾಗಿಯೇ ಹೋಗಿರುತ್ತಾರೆ ಎಂಬುದನ್ನು ಮರೆಯಬೇಡಿ.

ತೋಟದೊಳಗೂ ಇದೇ ನಿಯಮ. ಬೆಳೆ ಕಟಾವು ಸಮೀಕ್ಷೆಗಳ ಬಗ್ಗೆ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ತೋರಿಸಿದ ಒಂದು ಸಂಗತಿ ಇಲ್ಲಿ ನೆನಪಿಡಬೇಕಾದದ್ದು: ಅಳತೆಯ ತುಂಡು ತೀರಾ ಚಿಕ್ಕದಾದರೆ ಇಳುವರಿ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ, ಏಕೆಂದರೆ ಗಡಿಯ ಮೇಲಿರುವ ಗಿಡವನ್ನು ಒಳಗೆ ಸೇರಿಸಿಕೊಳ್ಳುವ ಕಡೆಗೇ ಕೈ ವಾಲುತ್ತದೆ. ಮೋಸ ಮಾಡುವ ಉದ್ದೇಶ ಯಾರಿಗೂ ಇರುವುದಿಲ್ಲ, ಆದರೂ ಲೆಕ್ಕ ಒಂದೇ ದಿಕ್ಕಿಗೆ ಜಾರುತ್ತದೆ. ಆದ್ದರಿಂದ "ಮೂರನೆಯ ಸಾಲು, ಐದನೆಯ ಮರದಿಂದ ಆರಂಭಿಸಿ ಪ್ರತಿ ಹತ್ತನೆಯ ಮರ" ಎಂಬಂತಹ ನಿಯಮವನ್ನು ತೋಟದ ಬೇಲಿ ದಾಟುವ ಮೊದಲೇ ಚೀಟಿ ಎತ್ತಿ ಬರೆದುಕೊಳ್ಳಿ.

ಪಟ್ಟಿಯೇ ಇಲ್ಲದ ಜನರಿದ್ದರೆ? ಅಘನಾಶಿನಿ ಅಳಿವೆಯಲ್ಲಿ ಬೆಳಚು (ಒಂದು ಬಗೆಯ ಚಿಪ್ಪುಜೀವಿ) ಆರಿಸುವವರ ಹೆಸರು ಯಾವ ಕಚೇರಿಯ ದಫ್ತರದಲ್ಲಿ ಸಿಕ್ಕೀತು? ಅಲ್ಲಿ ಜನರ ಬದಲು ಜಾಗ ಮತ್ತು ಹೊತ್ತನ್ನು ಆರಿಸಬೇಕು. ಬೆಳಚು ಆರಿಸುವುದು ನೀರು ಇಳಿದಾಗ. ಅವರು ದಡಕ್ಕೆ ಬರುವ ಜಾಗಗಳ ಪಟ್ಟಿ ಮಾಡಿ, ತಿಂಗಳ ಇಳಿತದ ವೇಳೆಗಳ ಪಟ್ಟಿ ಮಾಡಿ, ಎರಡರಿಂದಲೂ ಚೀಟಿ ಎತ್ತಿ, ಆ ಹೊತ್ತಿಗೆ ಆ ಜಾಗದಲ್ಲಿ ನಿಂತು ಬಂದವರನ್ನೆಲ್ಲ ಮಾತನಾಡಿಸಿ. ಒಂದು ಸೂಕ್ಷ್ಮವಿದೆ: ದಿನಾ ಬರುವವರು ವಾರಕ್ಕೊಮ್ಮೆ ಬರುವವರಿಗಿಂತ ನಿಮಗೆ ಸಿಗುವ ಸಾಧ್ಯತೆ ಏಳು ಪಟ್ಟು ಹೆಚ್ಚು. "ಕಳೆದ ಏಳು ದಿನಗಳಲ್ಲಿ ಎಷ್ಟು ದಿನ ಬಂದಿದ್ದಿರಿ?" ಎಂದು ಕೇಳಿ ಬರೆದುಕೊಂಡರೆ ಆಮೇಲೆ ಲೆಕ್ಕದಲ್ಲಿ ದಿನಾ ಬರುವವರ ತೂಕ ಇಳಿಸಬಹುದು. ಕೇಳದೆ ಬಂದರೆ ಎಲ್ಲರೂ ದಿನಾ ಬರುವವರೇ ಎಂಬ ಚಿತ್ರ ಮೂಡುತ್ತದೆ.

ನಾಲ್ಕನೆಯ ಹೆಜ್ಜೆ: ಎಷ್ಟು ಸಾಕು?

ಒಂದು ಪ್ರಮಾಣವನ್ನು, ಅಂದರೆ "ಶೇಕಡಾ ಎಷ್ಟು ತೋಟಗಳಿಗೆ ಕೊಳೆ" ಎಂಬುದನ್ನು ಅಂದಾಜು ಮಾಡಲು ಸರಳ ಲೆಕ್ಕವಿದೆ. 1.96ರ (ಶೇ 95ರ ವಿಶ್ವಾಸಕ್ಕೆ ಬಳಸುವ ಅಂಕಿ) ವರ್ಗವನ್ನು 0.25ರಿಂದ ಗುಣಿಸಿ, ನೀವು ಸಹಿಸುವ ದೋಷದ ವರ್ಗದಿಂದ ಭಾಗಿಸಿ. ಶೇ 5ರಷ್ಟು ಅತ್ತಿತ್ತ ಆದರೆ ಪರವಾಗಿಲ್ಲ ಎಂದರೆ 385 ತೋಟಗಳು ಬೇಕು; ಶೇ 10 ಆದರೂ ಸರಿ ಎಂದರೆ 97 ಸಾಕು. ದೋಷವನ್ನು ಅರ್ಧಕ್ಕೆ ಇಳಿಸಲು ನಾಲ್ಕು ಪಟ್ಟು ಅಲೆಯಬೇಕು ಎಂಬುದನ್ನು ಗಮನಿಸಿ. ಸಮಷ್ಟಿಯ ಗಾತ್ರ ಈ ಸೂತ್ರದಲ್ಲಿ ಬರುವುದೇ ಇಲ್ಲ. 2011ರ ಜನಗಣತಿಯಂತೆ 14,37,169 ಜನರಿದ್ದ ಇಡೀ ಉತ್ತರ ಕನ್ನಡ ಜಿಲ್ಲೆಗೂ, ಒಂದೇ ತಾಲ್ಲೂಕಿಗೂ ಬೇಕಾಗುವ ಮಾದರಿ ಹೆಚ್ಚುಕಡಿಮೆ ಒಂದೇ. "ಜನಸಂಖ್ಯೆಯ ಶೇ 10 ತೆಗೆದುಕೊಳ್ಳಬೇಕು" ಎಂಬ ಮಾತಿಗೆ ಆಧಾರವಿಲ್ಲ.

ಆದರೆ 385 ಎಂಬುದು ಬಿಡಿಬಿಡಿಯಾಗಿ ಚೀಟಿ ಎತ್ತಿದ ತೋಟಗಳ ಲೆಕ್ಕ. ಒಂದೇ ಕಣಿವೆಯ ಹತ್ತು ತೋಟಗಳ ಮೇಲೆ ಸುರಿಯುವುದು ಅದೇ ಮಳೆ, ಹಬ್ಬುವುದು ಅದೇ ರೋಗ. ಅವು ಹೇಳುವ ಸುದ್ದಿ ಹತ್ತು ತೋಟಗಳಷ್ಟಿಲ್ಲ. ಆದ್ದರಿಂದ ಹತ್ತು ಊರುಗಳಲ್ಲಿ ಇಪ್ಪತ್ತು ಇಪ್ಪತ್ತು ನೋಡುವುದಕ್ಕಿಂತ ನಲವತ್ತು ಊರುಗಳಲ್ಲಿ ಐದೈದು ನೋಡುವುದು ಒಳ್ಳೆಯದು. ಕಾಲಿಗೆ ಕಷ್ಟ, ಲೆಕ್ಕಕ್ಕೆ ಹಿತ.

ಐದನೆಯ ಹೆಜ್ಜೆ: ಕೇಳುವ ರೀತಿ

"ಬೋರ್ಡೋ ಸಿಂಪಡಣೆಯಿಂದ ನಿಮಗೆ ಎಷ್ಟು ಪ್ರಯೋಜನವಾಗಿದೆ?" ಎಂಬ ಪ್ರಶ್ನೆಯೊಳಗೆ ಉತ್ತರ ಆಗಲೇ ಕುಳಿತಿದೆ. "ಮೈಲುತುತ್ತ ಮತ್ತು ಸುಣ್ಣದ ಬೆಲೆ ಹೆಚ್ಚಾಯಿತೇ?" ಎಂಬುದು ಎರಡು ಪ್ರಶ್ನೆ. "ವರ್ಷಕ್ಕೆ ಆದಾಯ ಎಷ್ಟು?" ಎಂಬುದಕ್ಕೆ ತೆರಿಗೆ ಇಲಾಖೆಯ ನೆನಪಾಗಿ ಸಿಗುವ ಅಂಕಿಯೇ ಸಿಗುತ್ತದೆ. ಸಿಂಪಡಣೆ ಯಾವ ತಾರೀಕಿಗೆ ಎಂದರೆ ಯಾರಿಗೆ ನೆನಪಿರುತ್ತದೆ? "ಆರಿದ್ರಾ ಮಳೆ ಹುಟ್ಟುವ ಮೊದಲೋ, ಆಮೇಲೋ? ಎರಡನೆಯದು ಪುಷ್ಯ ಮಳೆಗೋ ಆಶ್ಲೇಷಕ್ಕೋ?" ಎಂದು ಕೇಳಿ, ತಟ್ಟನೆ ಉತ್ತರ ಬರುತ್ತದೆ. ಆರಿದ್ರಾ ಜೂನ್ 22ರ ಹೊತ್ತಿಗೆ, ಪುಷ್ಯ ಜುಲೈ 20ರ ಹೊತ್ತಿಗೆ ಹುಟ್ಟುವುದರಿಂದ ನೀವು ಅದನ್ನು ವಾರಗಳಿಗೆ ಬದಲಿಸಿಕೊಳ್ಳಬಹುದು. ದ್ರಾವಣದ ಪ್ರಮಾಣವನ್ನೂ ಕೇಳಿ. ಶೇ 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ ತಲಾ ಒಂದು ಕಿಲೋ ಮೈಲುತುತ್ತ, ಸುಣ್ಣ. "ಮೂರು ಸಲ ಹೊಡೆದೆ" ಎನ್ನುವವರ ಮೂರು ಸಲವೂ ಒಂದೇ ಗಟ್ಟಿ ಇರಬೇಕೆಂದಿಲ್ಲ.

ಭಾಷೆಯನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಕಾರವಾರದ ಬೈತಖೋಲದಲ್ಲಿ ಕೊಂಕಣಿ, ಭಟ್ಕಳದ ಮನೆಗಳಲ್ಲಿ ನವಾಯತಿ, ಶಿರಸಿಯ ಹಳ್ಳಿಗಳಲ್ಲಿ ಹವ್ಯಕರ ಕನ್ನಡ. ಮುದ್ರಿತ ಪ್ರಶ್ನೆಯನ್ನು ಒಬ್ಬೊಬ್ಬ ಹುಡುಗ ಒಂದೊಂದು ರೀತಿ ಅನುವಾದಿಸಿಕೊಂಡು ಕೇಳಿದರೆ ಅದು ಒಂದೇ ಪ್ರಶ್ನೆಯಾಗಿ ಉಳಿಯುವುದಿಲ್ಲ. ಆಯಾ ಮಾತಿನಲ್ಲಿ ಮೊದಲೇ ಬರೆದಿಟ್ಟುಕೊಂಡು, ಮಾದರಿಯಲ್ಲಿ ಇಲ್ಲದ ಹತ್ತು ಮಂದಿಯ ಹತ್ತಿರ ಕೇಳಿ ನೋಡಿ. ಯಾವ ಪ್ರಶ್ನೆಗೆ ಅವರು "ಹಾಂ?" ಎನ್ನುತ್ತಾರೋ ಅದನ್ನು ತಿದ್ದಿ.

ಹೊತ್ತನ್ನೂ ನೋಡಿಕೊಳ್ಳಬೇಕು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬಲೆ ಹೆಣೆಯುತ್ತ ಕುಳಿತವರನ್ನು ಬಿಡುವಾಗಿ ಮಾತನಾಡಿಸಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಎಷ್ಟು ಮೀನು ಸಿಗುತ್ತದೆ ಎಂಬ ಅಂಕಿ ಸಂಗ್ರಹಿಸಲು ಅದಕ್ಕಿಂತ ಕೆಟ್ಟ ಕಾಲವಿಲ್ಲ. ಉಳಿದ ತಿಂಗಳುಗಳಲ್ಲಿ ಕೇಳುವುದಾದರೆ "ನಿನ್ನೆ ಎಷ್ಟು ಸಿಕ್ಕಿತು?" ಎಂದು ಕೇಳಿ. ವರ್ಷದ ಸರಾಸರಿಯನ್ನು ಅವರ ಬಾಯಿಂದ ಹೊರಡಿಸುವ ಬದಲು ನೀವೇ ಹಲವು ದಿನ ಹೋಗಿ ಲೆಕ್ಕ ಹಾಕಿಕೊಳ್ಳಿ. ಒಪ್ಪಿಗೆ ಪಡೆಯದೆ ಯಾರನ್ನೂ ಕೇಳಬಾರದು, ಹೆಸರನ್ನು ಉತ್ತರಗಳ ಜೊತೆಗೆ ಇಡಬಾರದು.

ಆರನೆಯ ಹೆಜ್ಜೆ: ದಾಖಲೆ

ಒಂದು ತೋಟಕ್ಕೆ ಒಂದು ಸಾಲು, ಒಂದು ಸಂಗತಿಗೆ ಒಂದು ಕಂಬ (ಕಾಲಂ). ಉತ್ತರ ಸಿಗದಿದ್ದರೆ ಖಾಲಿ ಬಿಡಿ, ಸೊನ್ನೆ ಹಾಕಬೇಡಿ. "ಕೊಳೆ ಇಲ್ಲ" ಬೇರೆ, "ನೋಡಲಾಗಲಿಲ್ಲ" ಬೇರೆ. ಗುಂಟೆಯನ್ನು ಎಕರೆಗೆ ಬದಲಿಸುವಾಗ 40ರಿಂದ ಭಾಗಿಸಿ, ಮೂಲ ಅಂಕಿಯನ್ನು ಬೇರೆ ಕಂಬದಲ್ಲಿ ಉಳಿಸಿ. ಮೂಲ ಕಡತದ ಒಂದು ಪ್ರತಿಯನ್ನು ಮುಟ್ಟದೆ ಇಡಿ. ಇಷ್ಟೇ.

ಏಳನೆಯ ಹೆಜ್ಜೆ: ನೋಡಿ, ಆಮೇಲೆ ಲೆಕ್ಕ ಹಾಕಿ

ಒಂದು ದಿನ ಏಳು ದೋಣಿಗಳಿಗೆ ಸಿಕ್ಕ ಬಂಗಡೆ ಕಿಲೋಗಳಲ್ಲಿ ಹೀಗಿದೆ ಎನ್ನೋಣ: 0, 20, 25, 30, 40, 45, 1,240. ಒಟ್ಟು 1,400, ಸರಾಸರಿ 200. ಆದರೆ ಏಳರಲ್ಲಿ ಆರು ದೋಣಿಗಳಿಗೆ 50 ಕಿಲೋ ಕೂಡ ಸಿಕ್ಕಿಲ್ಲ. ಏರಿಕೆಯ ಕ್ರಮದಲ್ಲಿ ನಡುವೆ ನಿಂತ ಅಂಕಿ 30, ಇದು ಮಧ್ಯಾಂಕ. ದೊಡ್ಡ ಹಿಂಡಿಗೆ ಬಲೆ ಬಿದ್ದ ಒಂದು ದೋಣಿ ಸರಾಸರಿಯನ್ನು ಎತ್ತಿಕೊಂಡು ಹೋಗಿದೆ. ಮೀನು, ಆದಾಯ, ಜಮೀನು ಇಂತಹವಕ್ಕೆ ಎರಡನ್ನೂ ಕೊಡಿ. ಮಾರುವವನು ತರಬೇಕಾದ ಐಸಿನ ಲೆಕ್ಕಕ್ಕೆ ಒಟ್ಟು ಬೇಕು, ಸಾಲ ಕೊಡುವವನಿಗೆ ಮಧ್ಯಾಂಕ ಬೇಕು. ಇನ್ನು ಬಹುಲಕ, ಅಂದರೆ ಅತಿ ಹೆಚ್ಚು ಸಲ ಬರುವ ಮೌಲ್ಯ. ಪಠ್ಯಪುಸ್ತಕದಲ್ಲಿ ಮಾತ್ರ ಇರುವಂಥದ್ದು ಎಂದುಕೊಂಡವರು ಎಪಿಎಂಸಿ ಧಾರಣೆ ಪಟ್ಟಿ ನೋಡಿ: ಕನಿಷ್ಠ, ಗರಿಷ್ಠದ ಜೊತೆಗೆ ಮೋಡಲ್ ಬೆಲೆ ಎಂದು ಕೊಡುವುದು ಅದನ್ನೇ. ಗರಿಷ್ಠ ಬೆಲೆ ಪತ್ರಿಕೆಯ ತಲೆಬರಹಕ್ಕೆ, ಮೋಡಲ್ ಬೆಲೆ ಬೆಳೆಗಾರನ ಜೇಬಿಗೆ ಹತ್ತಿರ.

ಚದುರುವಿಕೆಗೆ ಬರೋಣ. ಐದು ತೋಟಗಳಲ್ಲಿ ಕೊಳೆತ ಕೊನೆಗಳ ಶೇಕಡಾ ಪ್ರಮಾಣ 4, 8, 10, 12, 16. ಸರಾಸರಿ 10. ಸರಾಸರಿಯಿಂದ ದೂರ: −6, −2, 0, 2, 6. ಅವುಗಳ ವರ್ಗ 36, 4, 0, 4, 36, ಒಟ್ಟು 80. ಇದನ್ನು ಐದರ ಬದಲು ನಾಲ್ಕರಿಂದ ಭಾಗಿಸುತ್ತೇವೆ, ಏಕೆಂದರೆ ಸರಾಸರಿಯನ್ನು ಅದೇ ಐದು ಅಂಕಿಗಳಿಂದ ಪಡೆದದ್ದರಿಂದ ನಾಲ್ಕು ದೂರಗಳು ಗೊತ್ತಾದರೆ ಐದನೆಯದು ತಾನೇ ಗೊತ್ತಾಗುತ್ತದೆ. 80 ಭಾಗ 4 ಎಂದರೆ 20. ಅದರ ವರ್ಗಮೂಲ ಸುಮಾರು 4.5. ಇದು ಮಾನಕ ವಿಚಲನೆ: ತೋಟದಿಂದ ತೋಟಕ್ಕೆ ಎಷ್ಟು ವ್ಯತ್ಯಾಸ.

ಮಾನಕ ದೋಷ ಬೇರೆ. ಮತ್ತೊಂದು ಐದು ತೋಟ ಆರಿಸಿದ್ದರೆ ಸರಾಸರಿಯೇ ಎಷ್ಟು ಅಲುಗಾಡುತ್ತಿತ್ತು ಎಂಬುದರ ಅಳತೆ ಅದು. ವಿಚಲನೆಯನ್ನು ಐದರ ವರ್ಗಮೂಲದಿಂದ ಭಾಗಿಸಿದರೆ ಸರಿಯಾಗಿ 2. ಮಾದರಿ ಇಷ್ಟು ಚಿಕ್ಕದಿದ್ದಾಗ 1.96 ಬಳಸಬಾರದು; ಗಿನ್ನೆಸ್ ಬಿಯರ್ ಕಂಪನಿಯ ನೌಕರ ವಿಲಿಯಂ ಗಾಸೆಟ್ "ಸ್ಟೂಡೆಂಟ್" ಎಂಬ ಗುಪ್ತನಾಮದಲ್ಲಿ 1908ರಲ್ಲಿ ಕೊಟ್ಟ ದಾರಿಯಂತೆ ಇಲ್ಲಿ 2.776 ಬರುತ್ತದೆ. ಆಗ ಶೇ 95ರ ವಿಶ್ವಾಸಾಂತರ, ಅಂದರೆ ನಿಜವಾದ ಸರಾಸರಿ ಇರಬಹುದಾದ ವ್ಯಾಪ್ತಿಯ ಅಂದಾಜು, ಸುಮಾರು 4.4ರಿಂದ 15.6. ಐದು ತೋಟ ನೋಡಿ "ಶೇ 10 ಕೊಳೆ" ಎಂದು ಬರೆಯುವವರು ಈ ಅಗಲವನ್ನೂ ಬರೆದರೆ ಓದುವವರಿಗೆ ಮೋಸವಾಗುವುದಿಲ್ಲ.

ಈ ಅಗಲವನ್ನು ತಂತ್ರಾಂಶ ಕಿರಿದಾಗಿಸಲಾರದು. ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ 1945ರಲ್ಲಿ ತೋರಿಸಿದ ಫಲಿತಾಂಶಗಳಲ್ಲಿ ಒಂದು ಇದೇ ಜಾತಿಯದು: ಪಕ್ಷಪಾತವಿಲ್ಲದ ಅಂದಾಜಿನ ವಿಚಲನೆ, ಇರುವ ಮಾಹಿತಿ ನಿಗದಿಪಡಿಸಿದ ಒಂದು ಮಿತಿಗಿಂತ ಕೆಳಗೆ ಇಳಿಯಲಾರದು.

ಎಂಟನೆಯ ಹೆಜ್ಜೆ: ಹೋಲಿಕೆ, ಮತ್ತು ಅದರ ಬಲೆ

ಜೂನ್, ಜುಲೈನಲ್ಲಿ ಕಾರವಾರದಲ್ಲಿ ಮೀನಿನ ಬೆಲೆ ಏರುತ್ತದೆ. ಅದೇ ಹೊತ್ತಿಗೆ ಶಿರಸಿಯಲ್ಲಿ ಕೊಳೆ ಏರುತ್ತದೆ. ಎರಡರ ಸಹಸಂಬಂಧ ಲೆಕ್ಕ ಹಾಕಿದರೆ ಚೆನ್ನಾಗಿಯೇ ಬರುತ್ತದೆ. ಮೀನು ದುಬಾರಿಯಾದದ್ದಕ್ಕೆ ಅಡಿಕೆ ಕೊಳೆಯಿತು ಎಂದು ಯಾರೂ ಹೇಳುವುದಿಲ್ಲ, ಏಕೆಂದರೆ ಹಿಂದೆ ನಿಂತ ಮಳೆಗಾಲ ಕಣ್ಣಿಗೆ ಕಾಣುತ್ತಿದೆ. ಕಾಣದಿದ್ದಾಗ ನಾವು ಬೀಳುತ್ತೇವೆ.

ಈಗ ನಮ್ಮ ಪ್ರಶ್ನೆ. 200 ತೋಟಗಳ ಸಮೀಕ್ಷೆ ಮುಗಿಯಿತು ಎನ್ನೋಣ. ಎರಡು ಸಲ ಹೊಡೆದ 100 ತೋಟಗಳಲ್ಲಿ 28 ಕೊಳೆಬಾಧಿತ. ಮೂರು ಸಲ ಹೊಡೆದ 100 ತೋಟಗಳಲ್ಲಿ 42. ಪರೀಕ್ಷೆ ಹಚ್ಚಿದರೆ ಪಿ ಮೌಲ್ಯ (ಇದರ ಅರ್ಥ ಮುಂದಿನ ಹೆಜ್ಜೆಯಲ್ಲಿದೆ) ಸುಮಾರು 0.04. ರೂಢಿಯ 0.05ರ ಗೆರೆಯೊಳಗೆ ಬಂತು. "ಮೂರನೆಯ ಸಿಂಪಡಣೆಯಿಂದ ಕೊಳೆ ಹೆಚ್ಚುತ್ತದೆ, ಸಾಂಖ್ಯಿಕವಾಗಿ ಅರ್ಥಪೂರ್ಣ" ಎಂದು ಬರೆದು ವರದಿಗೆ ಬೈಂಡ್ ಹಾಕಿಸಬಹುದು.

ಬೈಂಡ್ ಹಾಕಿಸುವ ಮೊದಲು ಸ್ತರಗಳನ್ನು ಬಿಡಿಸಿ ನೋಡಿ. ಘಟ್ಟದಂಚಿನಲ್ಲಿ ಎರಡು ಸಲ ಹೊಡೆದವರು 20, ಅವರಲ್ಲಿ 12 ತೋಟಕ್ಕೆ ಕೊಳೆ: ಶೇ 60. ಮೂರು ಸಲ ಹೊಡೆದವರು 80, ಕೊಳೆ 40: ಶೇ 50. ಬಯಲಿನಲ್ಲಿ ಎರಡು ಸಲ ಹೊಡೆದವರು 80, ಕೊಳೆ 16: ಶೇ 20. ಮೂರು ಸಲ ಹೊಡೆದವರು 20, ಕೊಳೆ 2: ಶೇ 10. ಎರಡೂ ಕಡೆ ಮೂರು ಸಲ ಹೊಡೆದವರ ತೋಟವೇ ಮೇಲು! ಒಟ್ಟುಗೂಡಿಸಿದಾಗ ಮಾತ್ರ ಲೆಕ್ಕ ತಿರುವುಮುರುವಾಗುತ್ತದೆ. ಕಾರಣ ಸರಳ: ಮಳೆ ಹೆಚ್ಚಿರುವ ಕಡೆಯವರು ಕೊಳೆಗೆ ಹೆದರಿ ಮೂರನೆಯ ಸಲ ಹೊಡೆದಿದ್ದಾರೆ. ಇದಕ್ಕೆ ಸಿಂಪ್ಸನ್‌ನ ವಿರೋಧಾಭಾಸ ಎಂದು ಹೆಸರು. ಆಸ್ಪತ್ರೆಗೆ ಹೋದವರಲ್ಲೇ ಸಾವು ಹೆಚ್ಚು ಎಂಬ ವಾದದ ಬೆನ್ನೆಲುಬೂ ಇದೇ.

ಇಲ್ಲಿ ಲೆಕ್ಕದಲ್ಲಿ ಒಂದಂಕಿಯೂ ತಪ್ಪಿಲ್ಲ, ಪರೀಕ್ಷೆಯೂ ಸರಿಯಾಗಿಯೇ ನಡೆದಿದೆ. ಮೂರನೆಯ ಹೆಜ್ಜೆಯಲ್ಲಿ ಮಳೆಯ ಸ್ತರವನ್ನು ಬರೆದುಕೊಳ್ಳದಿದ್ದರೆ ತಪ್ಪನ್ನು ಕಂಡುಹಿಡಿಯುವ ದಾರಿಯೇ ಇರುತ್ತಿರಲಿಲ್ಲ. ಮತ್ತೆ, ಸ್ತರ ಬಿಡಿಸಿದ ಕೂಡಲೇ ಗೆದ್ದೆವೆಂದೂ ಅಲ್ಲ: ಸ್ತರದೊಳಗಿನ ಹತ್ತು ಹತ್ತು ಶೇಕಡಾ ಅಂತರ ಆಕಸ್ಮಿಕವಾಗಿಯೂ ಬರಬಹುದಾದಷ್ಟೇ ಇದೆ. ಸ್ತರಗಳನ್ನು ಗಮನದಲ್ಲಿಟ್ಟು ಒಟ್ಟಿಗೆ ಪರೀಕ್ಷಿಸಿದರೂ 0.05ರ ಗೆರೆ ಮುಟ್ಟುವುದಿಲ್ಲ.

ಮದ್ದು ಹೊಡೆಯುವ ನಿರ್ಧಾರ ಬೆಳೆಗಾರನ ಕೈಯಲ್ಲಿ ಇರುವವರೆಗೂ ಈ ಸಂಶಯ ಪೂರ್ತಿ ಹೋಗುವುದಿಲ್ಲ. ಖಚಿತ ಉತ್ತರ ಬೇಕಿದ್ದರೆ ಪ್ರಯೋಗ ಮಾಡಬೇಕು. ಒಪ್ಪಿದ ಪ್ರತಿ ತೋಟದಲ್ಲಿ ಎರಡು ತುಂಡು ಗುರುತಿಸಿ, ನಡುವೆ ಎರಡು ಸಾಲು ಮರ ಬಿಟ್ಟು, ಯಾವ ತುಂಡಿಗೆ ಮೂರನೆಯ ಸಿಂಪಡಣೆ ಎಂಬುದನ್ನು ನಾಣ್ಯ ಚಿಮ್ಮಿ ಗೊತ್ತುಮಾಡಿ. ಅದೇ ಮಳೆ, ಅದೇ ಮಣ್ಣು, ಅದೇ ಕೊನೆಗೌಡ. ಬೇರೆಯಾದದ್ದು ಸಿಂಪಡಣೆ ಮಾತ್ರ. ಫಿಶರ್ ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಕಟ್ಟಿದ ಕ್ರಮ ಇದೇ. ಎಣಿಸುವವನಿಗೆ ಯಾವ ತುಂಡು ಯಾವುದೆಂದು ತಿಳಿಯದಿದ್ದರೆ ಇನ್ನೂ ಒಳ್ಳೆಯದು, ಆದರೆ ಬೋರ್ಡೋದ ನೀಲಿ ಕಲೆ ಕೊನೆಯ ಮೇಲೆ ಉಳಿದು ಗುಟ್ಟು ರಟ್ಟಾಗುತ್ತದೆ. ಹಾಗಾಗಿ ಇಬ್ಬರು ಬೇರೆ ಬೇರೆಯಾಗಿ ಎಣಿಸಲಿ.

ಒಂಬತ್ತನೆಯ ಹೆಜ್ಜೆ: ಪಿ ಮೌಲ್ಯದ ಸರಿಯಾದ ಅರ್ಥ

ಶೂನ್ಯ ಪ್ರಾಕ್ಕಲ್ಪನೆ ಎಂದರೆ "ಎರಡು ಗುಂಪುಗಳಲ್ಲಿ ನಿಜವಾಗಿ ವ್ಯತ್ಯಾಸವಿಲ್ಲ" ಎಂಬ ಊಹೆ. ಅದು ನಿಜವಾಗಿದ್ದರೆ, ನಾವು ಕಂಡಷ್ಟು ಅಥವಾ ಅದಕ್ಕಿಂತ ದೊಡ್ಡ ಅಂತರ ಚೀಟಿ ಎತ್ತುವಿಕೆಯ ಆಟದಿಂದಲೇ ಕಾಣಿಸಿಕೊಳ್ಳುವ ಸಂಭವ ಎಷ್ಟು ಎಂಬುದೇ ಪಿ. ಪ್ರಾಕ್ಕಲ್ಪನೆ ಸುಳ್ಳಾಗಿರುವ ಸಂಭವ ಅದಲ್ಲ. ಅಂತರ ಮುಖ್ಯವೋ ಕ್ಷುಲ್ಲಕವೋ ಎಂಬುದನ್ನೂ ಅದು ಹೇಳುವುದಿಲ್ಲ. ಮಾದರಿ ಸಾಕಷ್ಟು ದೊಡ್ಡದಾದರೆ ಶೇ ಅರ್ಧದಷ್ಟು ಅಂತರಕ್ಕೂ ಚಿಕ್ಕ ಪಿ ಬರುತ್ತದೆ, ಆ ಅರ್ಧ ಶೇಕಡಾ ಮೂರನೆಯ ಸಿಂಪಡಣೆಯ ಕೂಲಿಯನ್ನೂ ಹುಟ್ಟಿಸದಿರಬಹುದು.

ಜಾತಿ, ವಯಸ್ಸು, ವಿದ್ಯೆ, ಜಮೀನು ಎಂದು ಸಿಕ್ಕಿದ್ದಕ್ಕೆಲ್ಲ ಪರೀಕ್ಷೆ ಹಚ್ಚುವ ಚಟವೂ ಇದೆ. ಯಾವ ವ್ಯತ್ಯಾಸವೂ ಇಲ್ಲದ ಕಡೆ 20 ಸ್ವತಂತ್ರ ಪರೀಕ್ಷೆ ಮಾಡಿದರೆ ಕನಿಷ್ಠ ಒಂದಾದರೂ 0.05ಕ್ಕಿಂತ ಕೆಳಗೆ ಬರುವ ಸಂಭವ ಶೇ 64. ಮುಖ್ಯ ಪ್ರಶ್ನೆ ಯಾವುದೆಂದು ಹೊರಡುವ ಮೊದಲೇ ದಿನಾಂಕ ಹಾಕಿ ಬರೆದಿಡಿ. ಉಳಿದವನ್ನೆಲ್ಲ "ಮುಂದೆ ನೋಡಬೇಕಾದವು" ಎಂಬ ತಲೆಬರಹದಡಿ ಹಾಕಿ.

ಹತ್ತನೆಯ ಹೆಜ್ಜೆ: ಬರೆಯುವುದು

ಚೀಟಿಯಲ್ಲಿ ಬಂದವರು ಎಷ್ಟು, ಸಿಕ್ಕವರು ಎಷ್ಟು, ಬಾಗಿಲು ಹಾಕಿದ್ದ ಮನೆ ಎಷ್ಟು ಎಂಬುದನ್ನು ಮೊದಲ ಪುಟಗಳಲ್ಲೇ ಕೊಡಿ. ಬೆಂಗಳೂರಿಗೆ ಹೋದವರ ತೋಟಗಳೇ ಹೆಚ್ಚು ಬಿಟ್ಟುಹೋಗಿದ್ದರೆ ಅದನ್ನು ಹೇಳಿ. ನೋಡಿಕೊಳ್ಳುವವರಿಲ್ಲದ ತೋಟದಲ್ಲಿ ಕೊಳೆ ಹೆಚ್ಚಿರಬಹುದು, ನಿಮ್ಮ ಅಂದಾಜು ಕೆಳಗೆ ಜಾರಿರಬಹುದು. ಹಳೆಯ ಅಂಕಿಯೊಂದಿಗೆ ಹೋಲಿಸುವಾಗ ಗಡಿಗಳನ್ನು ನೋಡಿಕೊಳ್ಳಿ: 2011ರ ಜನಗಣತಿಯ ಹಳಿಯಾಳ ತಾಲ್ಲೂಕಿನೊಳಗೆ ದಾಂಡೇಲಿಯೂ ಇತ್ತು, ಈಗ ಅದು ಬೇರೆ ತಾಲ್ಲೂಕು. ನಿರೀಕ್ಷಿಸಿದ್ದು ಕಾಣದಿದ್ದರೆ ಕಾಣಲಿಲ್ಲ ಎಂದೇ ಬರೆಯಿರಿ, ಮಾರ್ಗದರ್ಶಕರು ಮುಖ ಸಿಂಡರಿಸಿದರೂ.

ನಮ್ಮ ಕಲ್ಪಿತ ಸಮೀಕ್ಷೆಯ ಫಲಿತಾಂಶದ ವಾಕ್ಯ ಹೀಗಿರಬೇಕು: "200 ತೋಟಗಳಲ್ಲಿ, ಮಳೆಯ ಸ್ತರವನ್ನು ಗಮನದಲ್ಲಿಟ್ಟು ನೋಡಿದಾಗ, ಮೂರು ಸಲ ಸಿಂಪಡಿಸಿದ ತೋಟಗಳಲ್ಲಿ ಕೊಳೆಬಾಧೆ ಎರಡೂ ಕಡೆ ಹತ್ತು ಶೇಕಡಾ ಅಂಶಗಳಷ್ಟು ಕಡಿಮೆ ಕಂಡಿತು. ಈ ಅಂತರ ಆಕಸ್ಮಿಕವಲ್ಲ ಎನ್ನಲು ಮಾದರಿ ಸಾಲದು. ಸ್ತರಗಳನ್ನು ಬೇರ್ಪಡಿಸದೆ ನೋಡಿದರೆ ಫಲಿತಾಂಶ ತಿರುಗುತ್ತದೆ. ಘಟ್ಟದಂಚಿನ ಬೆಳೆಗಾರರೇ ಹೆಚ್ಚಾಗಿ ಮೂರನೆಯ ಸಲ ಸಿಂಪಡಿಸಿರುವುದು ಇದಕ್ಕೆ ಕಾರಣ."